ಲಾಭ, ಎರಡು, ಮೂರು

ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವಾಗ ಯಾರೂ ‘ಒಂದು’ ಎನ್ನುತ್ತಿರಲಿಲ್ಲ. ಮೊದಲನೆಯ ಪಾವು ‘ಲಾಭ’. ಆಮೇಲೆ ಎರಡು, ಮೂರು, ನಾಲ್ಕು. ಕಳದಲ್ಲಿ ಭತ್ತ ಅಳೆಯುವವರು ಹೀಗೆ ಎಣಿಸುವುದನ್ನು ನೀವೂ ಕೇಳಿರಬಹುದು. ಒಂದು ಎಂದರೆ ಅಲ್ಲಿಗೇ ನಿಂತೀತು ಎಂಬ ಹೆದರಿಕೆ, ಲಾಭ ಎಂದರೆ ಬೆಳೆದೀತು ಎಂಬ ಆಸೆ. ಬೇರೆಯವರಿಗೆ ಅದು ಕಳದ ಮಾತು, ಕೊಯ್ಲು ಮುಗಿದರೆ ಮಾತೂ ಮುಗಿಯಿತು. ನಮಗೆ ಗದ್ದೆಯೇ ಇರಲಿಲ್ಲ. ಆದರೆ ನಮ್ಮಮ್ಮ ಅಕ್ಕಿ ಮಿಲ್ಲಿನಲ್ಲಿ ಕೂಲಿ ಮಾಡಿದವಳು. ಮಿಲ್ಲಿನ ಅಭ್ಯಾಸ ಮನೆಗೂ ಬಂದು, ದಿನದ ಅನ್ನಕ್ಕೆ ಅಕ್ಕಿ ತೆಗೆದರೂ ‘ಲಾಭ’ ಎಂದೇ ಶುರು ಮಾಡುತ್ತಿದ್ದಳು. ಡಬ್ಬದ ತಳ ಕಾಣುವ ದಿನವೂ ಬಾಯಲ್ಲಿ ಲಾಭಕ್ಕೇನೂ ಕೊರತೆ ಇರಲಿಲ್ಲ. ಆ ಮಾತು ಅಮ್ಮನಿಂದ ಅಕ್ಕನಿಗೆ ಬಂತು. ನನಗೆ ಬರಲಿಲ್ಲ. ನಾನು ಅಡುಗೆಮನೆಗೆ ಹೋಗುತ್ತಿದ್ದದ್ದೇ ಉಣ್ಣಲಿಕ್ಕೆ.

‘ಒಂದು’ ಎನ್ನಬೇಕಾದ ದಿನವೂ ಇತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡು, ಅವರ ಉತ್ತರಕ್ರಿಯೆಯ, ಬೊಜ್ಜದ ಊಟಕ್ಕೆ ಅಕ್ಕಿ ಅಳೆಯುವ ದಿನ. ಸಾವಿನಿಂದ ಯಾರಿಗೂ ಲಾಭ ಬೇಡ, ಆ ಲೆಕ್ಕ ಬೆಳೆಯುವುದೂ ಬೇಡ ಎಂದು ಅವತ್ತು ಮಾತ್ರ ಒಂದರಿಂದ ಶುರು. ಇದು ಶಾಸ್ತ್ರದಲ್ಲಿ ಇದ್ದದ್ದೋ, ಅಮ್ಮನೇ ಕಟ್ಟಿಕೊಂಡ ರೂಢಿಯೋ ನನಗೆ ಗೊತ್ತಿಲ್ಲ. ಅಪ್ಪ ಹೋದಾಗ ಅಮ್ಮ ಹಾಗೆ ಅಳೆದಳು. ಅಮ್ಮ ಹೋದಾಗ ಅಕ್ಕ ಅಳೆದಳು.

ಅಕ್ಕನಿಗೆ ಒಬ್ಬಳೇ ಮಗಳು. ಭಾವ ಬೊಂಬಾಯಿಯ ಹೋಟೆಲಿನಲ್ಲಿದ್ದವರು, ಅಲ್ಲೇ ಕಾಯಿಲೆ ಬಿದ್ದು ಹೋಗಿಬಿಟ್ಟರು. ಮಗು ಆಗ ಇನ್ನೂ ತೊಟ್ಟಿಲಲ್ಲಿತ್ತು. ಅಕ್ಕ ಅದನ್ನು ಎತ್ತಿಕೊಂಡು ಕಿರಿಮಂಜೇಶ್ವರದ ನಮ್ಮ ಮನೆಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಹತ್ತಿರದ ಗೇರುಬೀಜ ಕಾರ್ಖಾನೆಯಲ್ಲಿ ತಿರುಳಿನ ಸಿಪ್ಪೆ ತೆಗೆಯುವ ಕೆಲಸಕ್ಕೆ ಸೇರಿದಳು. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ, ಈಗ ನಿಜವಾದದ್ದು ಯಾವುದು ಎಂದು ನನಗೇ ಮರೆತಿದೆ. ಹೀಗೆ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಮೂವರು ಹೆಂಗಸರು, ಅದರಲ್ಲಿ ಒಬ್ಬಳು ಅಂಗೈಯಷ್ಟಗಲದವಳು.

ಆ ಅಂಗೈಯಷ್ಟಗಲದವಳು ಎಣಿಸಲು ಕಲಿತದ್ದು ಅಕ್ಕಿ ಡಬ್ಬದ ಪಕ್ಕದಲ್ಲಿ ಕೂತು. ಅಕ್ಕ ಹೇಳಿದ್ದು ಮಗಳೂ ಹೇಳಬೇಕು, ಅದೇ ಆಟ. ಒಂದನೇ ತರಗತಿಯಲ್ಲಿ ಟೀಚರು ಮೇಜಿನ ಮೇಲೆ ಹುಣಸೆಬೀಜ ಹರಡಿ ಎಣಿಸು ಎಂದಾಗ ನಮ್ಮ ಹುಡುಗಿ ಎದೆ ಸೆಟೆಸಿ ‘ಲಾಭ, ಎರಡು, ಮೂರು’ ಎಂದು ಶುರು ಮಾಡಿದಳಂತೆ. ಟೀಚರು ನಕ್ಕರು, ಟೀಚರು ನಕ್ಕರೆಂದು ತರಗತಿಯೇ ನಕ್ಕಿತು. ಸಂಜೆ ಕರೆದುಕೊಂಡು ಬರಲು ಹೋದರೆ ಇವಳು ಗೇಟಿನ ಹತ್ತಿರ ಮೂಗು ಸುರಿಸುತ್ತಾ ನಿಂತಿದ್ದಾಳೆ.

“ಚಿಕ್ಕಮ್ಮ, ಶಾಲಿಯಂಗೆ ಲಾಭ ಇಲ್ಲೆ ಅಂಬ್ರ್.”

ಶಾಲೆಯಲ್ಲಿ ಲಾಭ ಇಲ್ಲವಂತೆ! ನಾನು ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಹೇಳಿದರೆ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಅಳುತ್ತಿದ್ದವಳೂ ನಕ್ಕಳು. ಅಂದಿನಿಂದ ಅದು ನಮ್ಮ ಮನೆಯ ಗಾದೆ. ಅಂಕ ಕಡಿಮೆ ಬಂದರೆ ಅವಳೇ ಪಟ್ಟಿ ಚಾಚಿ “ಶಾಲಿಯಂಗೆ ಲಾಭ ಇಲ್ಲೆ ಅಂಬ್ರ್” ಎನ್ನುತ್ತಿದ್ದಳು. ನಾನು ಆಫೀಸಿನಿಂದ ಮುಖ ಊದಿಸಿಕೊಂಡು ಬಂದರೆ ನನಗೂ ಅದನ್ನೇ ಹೇಳಿ ಛೇಡಿಸುತ್ತಿದ್ದಳು. ಎಣಿಸುವುದನ್ನು ಮಾತ್ರ ಎರಡು ಥರ ಕಲಿತಳು. ಶಾಲೆಗೆ ಒಂದು, ಮನೆಗೆ ಲಾಭ. ಚಪ್ಪಲಿ ಬಿಟ್ಟ ಹಾಗೆ ಆ ‘ಒಂದ’ನ್ನು ಮೆಟ್ಟಿಲಲ್ಲಿ ಬಿಟ್ಟು ಒಳಗೆ ಬರುತ್ತಿದ್ದಳು.

ನನ್ನ ಕೆಲಸದ ವಿಷಯ ಹೇಳಬೇಕು. ಬ್ರಹ್ಮಾವರದ ಒಂದು ಕೌಶಲ ತರಬೇತಿ ಕೇಂದ್ರದಲ್ಲಿ ನಾನು ಕ್ಷೇತ್ರ ಸಹಾಯಕಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕುಂದಾಪುರ ದಾಟಿ ಹೋಗುವುದು, ಸಂಜೆ ಹಾಗೆಯೇ ನೇತಾಡಿಕೊಂಡು ಬರುವುದು. ಟೈಲರಿಂಗ್, ಬ್ಯೂಟಿಷಿಯನ್, ಮೊಬೈಲ್ ರಿಪೇರಿ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ, ಹೀಗೆ ದೊಡ್ಡವರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಡುವ ಕೇಂದ್ರ ಅದು. ಪಾಠ ಮಾಡುವುದು ನನ್ನ ಕೆಲಸವಲ್ಲ. ತರಬೇತಿ ಮುಗಿದು ಕೆಲವು ತಿಂಗಳಾದ ಮೇಲೆ ಕಲಿತವರ ಮನೆಗೆ ಹೋಗಿ, ಕೆಲಸ ಸಿಕ್ಕಿತೇ, ಕಲಿತದ್ದು ಬಳಕೆಯಲ್ಲಿದೆಯೇ, ಬದುಕಿನಲ್ಲಿ ಬದಲಾವಣೆ ಆಗಿದೆಯೇ ಎಂದು ಕೇಳಿಕೊಂಡು ಬರುವುದು. ಉತ್ತರ ಹೌದು ಅಥವಾ ಇಲ್ಲ. ಮೂರನೆಯದಕ್ಕೆ ಜಾಗವಿಲ್ಲ. ಈ ಉತ್ತರಗಳೆಲ್ಲ ಸೇರಿ ಎಲ್ಲೋ ಒಂದು ಸಂಶೋಧನೆ ಆಗುತ್ತದೆ, ಸಂಶೋಧನೆಯಿಂದ ಒಂದು ನೀತಿ ಆಗುತ್ತದೆ, ಆ ನೀತಿಯಿಂದ ಮತ್ತೆ ತರಬೇತಿ ಬರುತ್ತದೆ ಎಂದು ನಮಗೆ ಹೇಳಿದ್ದಾರೆ. ಇರಬಹುದು. ನಾನು ಕಂಡದ್ದು ಏನೆಂದರೆ, ಒಂದೊಂದು ಊರಿನಲ್ಲಿ ಹೊಲಿಯಲು ಕಲಿತವರು ಎಷ್ಟಾದರೆಂದರೆ ಹೊಲಿಸಿಕೊಳ್ಳುವವರೇ ಸಾಲದೇ ಹೋದರು. ಸಿದ್ದಾಪುರದ ಕಡೆ ಒಬ್ಬ ಹೆಂಗಸು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, “ಹ್ವಾಯ್, ಮಿಶನ್ ಕೊಡ್ತ್ರ್ಯಾ, ಬರೀ ಕೇಂಬುದಾ?” ಎಂದಿದ್ದಳು. ಬರೀ ಕೇಳುವುದೇ ಎಂದು ಒಪ್ಪಿಕೊಂಡೆ. ಪಾಪ, ಮಜ್ಜಿಗೆ ಕೊಟ್ಟಳು.

ನಮ್ಮ ಕೇಂದ್ರದ ಗೋಡೆಯ ಮೇಲೆ ‘ಕಲಿಯಲು ವಯಸ್ಸಿಲ್ಲ’ ಎಂದು ದೊಡ್ಡದಾಗಿ ಬರೆಸಿದ್ದಾರೆ. ಊರಿನ ಗಾದೆ ಬೇರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಹಳ್ಳಿಗಳಲ್ಲಿ ಗಂಡಸರು ತಮ್ಮ ಹೆಂಡತಿಯರನ್ನು ತರಬೇತಿಗೆ ಕಳಿಸದೇ ಇರಲು ಈ ಗಾದೆ ಎತ್ತಿದಾಗೆಲ್ಲ ನಾನು ಜಗಳಕ್ಕೆ ನಿಂತಿದ್ದೇನೆ. ಬಗ್ಗುತ್ತದೆ, ಬಗ್ಗಿದ್ದನ್ನು ನಾನು ಕಂಡಿದ್ದೇನೆ ಎಂದು ಏರುದನಿಯಲ್ಲಿ ಹೇಳಿದ್ದೇನೆ. ಬಗ್ಗುವಾಗ ಮರಕ್ಕೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ನಮ್ಮ ಹುಡುಗಿ ಕುಂದಾಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಒಂದು ಜ್ವರ ಬಂತು. ಮಳೆಗೆ ನೆನೆದದ್ದಕ್ಕೆ ಎಂದುಕೊಂಡೆವು. ಕಷಾಯ ಮಾಡಿ ಕೊಟ್ಟೆವು, ಮಾತ್ರೆ ಕೊಟ್ಟೆವು. ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಓಡಿದೆವು. ಇಲಿಜ್ವರ ಎಂದರು. ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಅವಳು ಬರಲಿಲ್ಲ. ಇದನ್ನು ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ಬೊಜ್ಜಕ್ಕೆ ಅಕ್ಕಿ ಅಳೆಯಬೇಕಿತ್ತು. ಮದುವೆಯಾಗದ ಹುಡುಗಿಗೆ ಅಷ್ಟೆಲ್ಲ ಬೇಕೇ ಎಂದು ಯಾರೋ ಗೊಣಗಿದ್ದಕ್ಕೆ ನಾನು ಬಾಯಿಗೆ ಬಂದ ಹಾಗೆ ಬೈದಿದ್ದೆ. ಪಕ್ಕದ ಮನೆಯ ಹೆಂಗಸು ಪಾವು ಹಿಡಿದು ಡಬ್ಬದ ಮುಂದೆ ಕೂತಿದ್ದಳು. ಅಕ್ಕ ಗೋಡೆಗೆ ಒರಗಿದ್ದವಳು ಎದ್ದು ಬಂದು, ಅವಳ ಕೈಯಿಂದ ಪಾವು ತೆಗೆದುಕೊಂಡಳು. ಅಕ್ಕಿಯಲ್ಲಿ ಮುಳುಗಿಸಿ, ಅಂಗೈಯಿಂದ ಮೇಲೆ ಸವರಿ, ಪಾತ್ರೆಗೆ ಹಾಕಿ, “ಒಂದ್” ಎಂದಳು. ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ಬಾಲವಿಲ್ಲ, ‘ಒಂದ್’ ಎಂದರೆ ಅಲ್ಲಿಗೇ ಕಡಿದು ಬೀಳುತ್ತದೆ. ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕ ಅಳಲಿಲ್ಲ. ಎಷ್ಟು ಅಳೆಯಬೇಕೋ ಅಷ್ಟೂ ಅಳೆದು, ಪಾವನ್ನು ಮಗುಚಿಟ್ಟು, ಒಳಗೆ ಹೋಗಿ ಮಲಗಿದಳು.

ಅದಾದ ಮೇಲೆ ಬಹಳ ದಿನ ಅವಳು ಅಡುಗೆಮನೆಗೆ ಹೋಗಲಿಲ್ಲ. ನಾನು ಏನೋ ಬೇಯಿಸುತ್ತಿದ್ದೆ, ಇಬ್ಬರೂ ಏನೋ ತಿನ್ನುತ್ತಿದ್ದೆವು. ಒಂದು ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ “ಲಾಭ” ಎಂಬ ದನಿ ಕೇಳಿತು. ಬಾಚಣಿಗೆ ಹಿಡಿದುಕೊಂಡೇ ಓಡಿದೆ. ಅಕ್ಕ ಡಬ್ಬದ ಮುಂದೆ ಕೂತಿದ್ದಳು. ನನ್ನನ್ನು ಕಂಡು ಏನೋ ಕಳ್ಳತನ ಮಾಡಿದವಳ ಹಾಗೆ ಮುಖ ತಗ್ಗಿಸಿದಳು.

“ಅವ್ಳ್ ಸಣ್ಣಕಿಪ್ಪತಿಗೆ ಹೀಂಗೇ ಅಲ್ದಾ ಎಣ್ಸದ್ದ್? ಇದೊಂದಾರೂ ಇರ್ಲಿ ಹೆಣೆ.” ಮಗಳು ಚಿಕ್ಕವಳಿದ್ದಾಗ ಎಣಿಸಿದ್ದು ಹೀಗೇ, ಅದೊಂದಾದರೂ ಉಳಿಯಲಿ ಎಂದು.

ಮೊದಲು ಮೂವರಿದ್ದಾಗ ಲಾಭ, ಎರಡು ಎಂದು ಎರಡು ಪಾವು ಹಾಕುತ್ತಿದ್ದಳು. ಈಗ ಇಬ್ಬರಿಗೆ ಒಂದೇ ಪಾವು ಸಾಕಾಗುತ್ತಿತ್ತು. ಲಾಭ ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಆದರೂ ದಿನಾ ಬೆಳಿಗ್ಗೆ ಆ ಒಂದು ಮಾತನ್ನು ಹೇಳುವಾಗ ಅವಳ ಪಕ್ಕದಲ್ಲಿ ಯಾರೋ ಕೂತು ಮರಳಿ ಹೇಳುತ್ತಿದ್ದಾರೆ ಎಂಬ ಹಾಗೆ ಸ್ವಲ್ಪ ಹೊತ್ತು ಕಾಯುತ್ತಿದ್ದಳು. ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಫೋಟೋಗೆ ಹೂ ಹಾಕಿದರೆ ಸಮಾಧಾನವಾಗುವ ಜಾತಿಯವಳಲ್ಲ ನನ್ನಕ್ಕ. ಅವಳಿಗೆ ಮಗಳು ಉಳಿದಿದ್ದರೆ ಆ ಮಾತಿನಲ್ಲಿ ಮಾತ್ರ ಉಳಿದಿದ್ದಳು.

ಕಾರ್ಖಾನೆಯೇ ಅವಳನ್ನು ಕುಸಿಯದ ಹಾಗೆ ಹಿಡಿದು ನಿಲ್ಲಿಸಿದ್ದು. ಹೆಂಗಸರೆಲ್ಲ ಸಾಲಾಗಿ ಕೂತು ಸಿಪ್ಪೆ ತೆಗೆಯುತ್ತಾ, ಒಬ್ಬರ ಸೊಸೆಯ ಸುದ್ದಿ, ಇನ್ನೊಬ್ಬರ ಮಂಡಿನೋವು, ಮತ್ತೊಬ್ಬರ ಮನೆಯ ಮೀನುಸಾರು ಎಂದು ದಿನ ಕಳೆಯುವ ಜಾಗ ಅದು. “ನಾಲ್ಕ್ ಜನರ್ ಮಧ್ಯೆ ಕೂಕಂಡ್ರೆ ದಿನ ಹೋತ್ತ್. ಮನಿಯಂಗೆ ಕೂಕಂಡ್ರೆ ನಂಗ್ ಹುಚ್ಚ್ ಹಿಡಿತ್ತ್” ಎಂದು ಅಕ್ಕ ಹೇಳುತ್ತಿದ್ದಳು. ಅದು ಬಾಯಿಮಾತಲ್ಲ. ಭಾನುವಾರ ಅವಳು ಮನೆಯಲ್ಲಿ ಇರುವ ರೀತಿ ಕಂಡರೆ ನನಗೆ ಭಯವಾಗುತ್ತಿತ್ತು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

ಆ ಕಾರ್ಖಾನೆಗೆ ಯಂತ್ರ ಬಂತು. ಸಿಪ್ಪೆ ತೆಗೆಯುವುದೂ ಅದೇ, ಇಡಿ, ಹೋಳು, ಚೂರು ಎಂದು ಬೇರೆ ಮಾಡುವುದೂ ಅದೇ. ಹೆಂಗಸರಲ್ಲಿ ಬಹಳಷ್ಟು ಜನರನ್ನು ಬಿಡಿಸುತ್ತೇವೆ, ತರಬೇತಿ ಪಡೆದು ಪರೀಕ್ಷೆಯಲ್ಲಿ ಪಾಸಾದ ಕೆಲವರನ್ನು ಪ್ಯಾಕಿಂಗ್ ಕೋಣೆಗೆ ಉಳಿಸಿಕೊಳ್ಳುತ್ತೇವೆ ಎಂದರು. ತರಬೇತಿ ಸರಕಾರದ ಯೋಜನೆಯದ್ದು, ನಡೆಸುವುದು ನಮ್ಮ ಕೇಂದ್ರ. ಅಕ್ಕ ಹೆಸರು ಕೊಟ್ಟಳು. ನನ್ನನ್ನು ಆ ಬ್ಯಾಚಿನ ಹತ್ತಿರಕ್ಕೂ ಹಾಕಬೇಡಿ ಎಂದು ನಾನು ಕೇಂದ್ರದಲ್ಲಿ ಹೇಳಿದೆ. ಅಕ್ಕ ಗೆದ್ದರೆ ತಂಗಿ ಮಾಡಿಸಿದ್ದು ಎನ್ನುವ ಜನ, ಸೋತರೆ ತಂಗಿ ಇದ್ದೂ ಹೀಗಾಯಿತು ಎನ್ನುವವರೂ ಅವರೇ.

ತರಬೇತಿಯ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ನೆನೆದರೆ ಈಗ ಸಂಕಟವಾಗುತ್ತದೆ. ಕಲಿಸುವವಳು ಬ್ರಹ್ಮಾವರದ ಕಡೆಯ ಚಿಕ್ಕ ವಯಸ್ಸಿನ ಹುಡುಗಿ, ನಮ್ಮ ಹುಡುಗಿ ಇದ್ದಿದ್ದರೆ ಅವಳಿಗಿಂತ ಸ್ವಲ್ಪವೇ ಕಿರಿಯಳು. ಅಕ್ಕ ಅವಳನ್ನು ಟೀಚರ್, ಟೀಚರ್ ಎಂದು ಕರೆದು, ಹಲಸಿನ ಹಪ್ಪಳ ಕಟ್ಟಿಕೊಂಡು ಹೋಗಿ ಕೊಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಬಾಯಿತುಂಬ ಹೊಸ ಮಾತು. ಬ್ಯಾಚು, ಸೀಲು, ಕಾರ್ಟನ್ನು. ಕೂದಲು ಉದುರದ ಹಾಗೆ ಹಾಕುವ ಟೊಪ್ಪಿಯನ್ನು ಒಂದು ದಿನ ಮನೆಗೇ ಹಾಕಿಕೊಂಡು ಬಂದಳು.

“ಹೆಂಗಿತ್ತೇ?”

“ಡಾಕ್ಟರ್ ಆಪ್ರೇಶನ್ ಮಾಡುಕ್ ಹೊರ್ಟಾಂಗಿತ್ತ್” ಎಂದೆ.

ಅಕ್ಕ ನಕ್ಕಳು. ಮಗಳು ಹೋದ ಮೇಲೆ ಅವಳು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಆ ರಾತ್ರಿ ನಾನು ನಮ್ಮ ಕೇಂದ್ರದ ಗೋಡೆಬರಹವನ್ನು ಮನಸ್ಸಿನಲ್ಲೇ ಕೈಮುಗಿದು ಒಪ್ಪಿಕೊಂಡೆ. ಇಷ್ಟು ವರ್ಷ ಮನೆಮನೆ ತಿರುಗಿ ಕೇಳಿದ ‘ಬದುಕಿನಲ್ಲಿ ಬದಲಾವಣೆ’ ನನ್ನ ಮನೆಯ ಜಗಲಿಯಲ್ಲೇ ಟೊಪ್ಪಿ ಹಾಕಿಕೊಂಡು ಕೂತಿತ್ತು.

ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಉತ್ತರದ ಕಡೆಯ ಯಾವುದೋ ರಾಜ್ಯದವರು. ಪ್ಯಾಕಿಂಗ್ ಕೋಣೆಯ ನಿಯಮ ಏನೆಂದರೆ, ಒಬ್ಬರು ಪೊಟ್ಟಣಗಳನ್ನು ಪೆಟ್ಟಿಗೆಗೆ ಹಾಕುತ್ತಾ ಜೋರಾಗಿ ಎಣಿಸಬೇಕು, ಹತ್ತು ಎಂದ ಕೂಡಲೇ ಇನ್ನೊಬ್ಬರು ಪೆಟ್ಟಿಗೆ ಮುಚ್ಚಬೇಕು. ಮನಸ್ಸಿನಲ್ಲಿ ಎಣಿಸಿದರೆ ಮಧ್ಯಾಹ್ನದ ಹೊತ್ತಿಗೆ ತೂಕಡಿಕೆಯಲ್ಲಿ ತಪ್ಪುತ್ತದೆ ಎಂದು ಈ ಕ್ರಮ. ಬೇರೆಯವರ ಸಹಾಯವಿಲ್ಲದೆ ಪರೀಕ್ಷೆ ಮಾಡಬೇಕೆಂದು ಆ ಮನುಷ್ಯ ಕನ್ನಡದಲ್ಲಿ ಒಂದರಿಂದ ನೂರರ ತನಕ ಕಲಿತುಕೊಂಡು ಬಂದಿದ್ದರಂತೆ. ಎಲ್ಲರ ಮುಂದೆ ಒಮ್ಮೆ ಹೇಳಿಯೂ ತೋರಿಸಿದರಂತೆ. ಇಂಥವರನ್ನು ಬೈಯುವುದಾದರೂ ಹೇಗೆ?

ಅಕ್ಕನ ಸರದಿ ಬಂತು. ಪೆಟ್ಟಿಗೆಗೆ ಮೊದಲ ಪೊಟ್ಟಣ ಇಟ್ಟು “ಲಾಭ” ಎಂದಳು. ಎರಡನೆಯದು ಇಟ್ಟು “ಎರಡ್” ಎಂದಳು. ಅವರು ಕೈ ಎತ್ತಿ, “ಅಮ್ಮ, ಒಂದು?” ಎಂದು ಕೇಳಿದರು. ಒಂದು ಎಲ್ಲಿ ಹೋಯಿತು ಎಂದು ಅವರು ಕೇಳಿದ್ದು. ಇನ್ನೊಂದು ಹಾಕಿ ಎನ್ನುತ್ತಿದ್ದಾರೆ ಎಂದು ಅಕ್ಕ ತಿಳಿದದ್ದು. “ಇನ್ನೊಂದಾ? ಅಕ್ಕ್” ಎಂದು ಒಪ್ಪಿ, ಎಣಿಸದೆ ಒಂದು ಪೊಟ್ಟಣ ಸೇರಿಸಿ, ಆಮೇಲೆ “ಮೂರ್” ಎಂದು ಮುಂದುವರಿಸಿದಳು. ಹತ್ತು ಎಂದಾಗ ಪೆಟ್ಟಿಗೆಯಲ್ಲಿ ಹನ್ನೊಂದಿತ್ತು. ಅವರು ಬಿಚ್ಚಿ ಎಣಿಸಿದರು. ತಪ್ಪೇ. ಕಲಿಸುವ ಹುಡುಗಿ ಓಡಿ ಬಂದು ಲಾಭ ಎಂದರೆ ಏನೆಂದು ಬಿಡಿಸಿ ಹೇಳಿದಳು. ಅವರಿಗೆ ಆ ಮಾತು ಇಷ್ಟವೂ ಆಯಿತಂತೆ. ಆದರೆ ಒಡಿಶಾದಿಂದ ಬಂದ ಹುಡುಗಿಯರೂ ಇಲ್ಲಿ ಕೆಲಸಕ್ಕಿದ್ದಾರೆ, ಅವರೂ ಅಂಗಡಿಗೆ ಬೇಕಾದಷ್ಟು ಕನ್ನಡ ಕಲಿತು ಒಂದು, ಎರಡು ಎನ್ನುತ್ತಾರೆ, ಕೋಣೆಯಲ್ಲಿ ಎಲ್ಲರ ಎಣಿಕೆ ಒಂದೇ ಇರಬೇಕು ಎಂದರು. ಮುಂದಿನ ವಾರ ಇನ್ನೊಂದು ಅವಕಾಶ ಕೊಡುತ್ತೇನೆ, ಒಂದು ಎಂದು ಶುರು ಮಾಡಿದರೆ ಸಾಕು ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಅಕ್ಕ ಬಂದು ಇದನ್ನೆಲ್ಲ ಹೇಳಿದಾಗ ನಾನು ಮೊದಲು ನಕ್ಕುಬಿಟ್ಟೆ. ತಾಯಿಗೂ ಮಗಳಿಗೂ ಒಂದೇ ತಪ್ಪು! “ಇಷ್ಟೇಯಾ? ಒಂದ್ ಅಂದ್ರಾಯ್ತಪ್ಪ” ಎಂದೆ. ಅಕ್ಕ ನಗಲಿಲ್ಲ.

ಮರುದಿನದಿಂದ ಮನೆಯಲ್ಲಿ ಅಭ್ಯಾಸ. ಬೆಂಕಿಪೊಟ್ಟಣಗಳನ್ನು ಜಗಲಿಯಲ್ಲಿ ಜೋಡಿಸಿ ನಾನು ಎದುರು ಕೂತೆ. ಅಕ್ಕ ಮೊದಲನೆಯದನ್ನು ಎತ್ತುತ್ತಾಳೆ, ತುಟಿ ತೆರೆಯುತ್ತಾಳೆ, ದನಿ ಬರುವುದಿಲ್ಲ. ಅಥವಾ ‘ಲಾಭ’ ಎಂದೇ ಬಂದುಬಿಡುತ್ತದೆ. ಎರಡು ದಿನ ಹೀಗಾಯಿತು. ನನ್ನ ತಾಳ್ಮೆಯ ಬಗ್ಗೆ ನಮ್ಮ ಊರಿನಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ.

“ಒಂದ್ ಅಂಬುಕೆ ಎಂತ ಕಷ್ಟ ಮರಾಯ್ತಿ ನಿಂಗೆ?”

“ಎರಡ್ ಹೇಳುಕ್ ಬತ್ತ್, ನೂರ್ ಹೇಳುಕ್ ಬತ್ತ್. ಅದೊಂದ್ ಬಾಯಂಗೆ ಬತ್ತಿಲ್ಲೆ.”

“ಎಂತಕ್ ಬತ್ತಿಲ್ಲೆ?”

ಅಕ್ಕ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ನೆಲದ ಮೇಲಿಟ್ಟಳು. “ಆ ದಿನ ಅಂದಿದ್ದೆ ಅಲ್ದಾ. ಮತ್ತ್ ಅಂದ್ರೆ ಮತ್ತ್ ಆ ಅಕ್ಕಿ ಅಳ್ದಾಂಗೇ ಆತ್ತ್.”

ನನಗೆ ಆಗ ಹೊಳೆಯಿತು. ಕಲಿಯುವುದೆಂದರೆ ಇಲ್ಲದ್ದು ಬಂದು ಸೇರುವುದು ಎಂದೇ ನಮ್ಮ ಕೇಂದ್ರದಲ್ಲಿ ಎಲ್ಲರೂ ತಿಳಿದಿದ್ದೇವೆ. ಇದ್ದದ್ದನ್ನು ಎಬ್ಬಿಸಿ ಆ ಜಾಗದಲ್ಲಿ ಹೊಸದನ್ನು ಕೂರಿಸಬೇಕಾಗುತ್ತದೆ ಎಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಇಲ್ಲಿ ಎಬ್ಬಿಸಬೇಕಾಗಿದ್ದದ್ದು ಯಾರನ್ನು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಒಂದು ಉಪಾಯ ಹೇಳಿ ನೋಡಿದೆ.

“ಇಂಗ್ಲೀಷಂಗೆ ಒನ್ ಅನ್. ಆ ಮನ್ಷನ್ನ ನಾನ್ ಒಪ್ಸ್ತೆ.”

“ಯಾವ್ ಭಾಷಿಯಂಗೆ ಅಂದ್ರೂ ಅಕ್ಕಿ ಅದೇ ಅಲ್ದಾ.”

ಬಿಟ್ಟುಬಿಡು, ಈ ಕೆಲಸವೇ ಬೇಡ, ನನ್ನ ಸಂಬಳದಲ್ಲಿ ಇಬ್ಬರೂ ಉಣ್ಣೋಣ ಎಂದೆ. ಮನಸ್ಸಿನಿಂದಲೇ ಹೇಳಿದ್ದು. ಅಕ್ಕ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕೂತಿದ್ದಳು.

“ಉಂಬುದ್ ದೊಡ್ಡದಲ್ಲ. ದಿನ ಹೋಯ್ಕಲೆ” ಎಂದಳು. ದಿನ ಕಳೆಯಬೇಕಲ್ಲ. ನನ್ನ ಸಂಬಳದಿಂದ ಅಕ್ಕಿ ತರಬಹುದಿತ್ತು, ಅವಳ ಹಗಲುಗಳನ್ನು ಕಳೆದುಕೊಡಲು ಆಗುತ್ತಿರಲಿಲ್ಲ. ಕೆಲಸ ಬಿಟ್ಟರೆ ಆ ಮನೆಯಲ್ಲಿ ಗುಡಿಸಿದ ಅಂಗಳ ಗುಡಿಸುತ್ತಾ ಕೂರಬೇಕು, ಕೆಲಸ ಉಳಿಯಬೇಕಾದರೆ ಮಗಳ ಮಾತು ಬಿಡಬೇಕು. ಇದರಲ್ಲಿ ಯಾವುದನ್ನು ಆರಿಸಿಕೊಂಡರೂ ಅಕ್ಕನಿಗೆ ಉಳಿಯುವುದು ಅರ್ಧವೇ. ಆಮೇಲೆ ನಾನು ಅಭ್ಯಾಸ ಮಾಡಿಸಲಿಲ್ಲ. ಅವಳೇ ಬಾವಿಕಟ್ಟೆಯ ಹತ್ತಿರ, ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ನಾನು ಕಿಟಕಿಯಿಂದ ಕಂಡರೂ ಕಾಣದ ಹಾಗೆ ಇದ್ದೆ.

ಎರಡನೇ ಪರೀಕ್ಷೆಯ ದಿನ ರಜೆ ಹಾಕಿ ಕಾರ್ಖಾನೆಗೆ ಹೋದೆ. ಒಳಗೆ ಬಿಡಲಿಲ್ಲ. ಶೆಡ್ಡಿನ ಹೊರಗೆ, ಕಿಟಕಿಯ ಕೆಳಗೆ ನಿಂತೆ. ಗೇರುಬೀಜದ ಕಮಟು ವಾಸನೆ, ಯಂತ್ರದ ಸದ್ದು. ಅಕ್ಕನ ಹೆಸರು ಕರೆದರು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಬರುವುದಿಲ್ಲ, ಅವಳಿಗೆ ಬರುವುದಿಲ್ಲ ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬರದೇ ಹೋಗಲಿ ಎಂದೇ ಆ ಕ್ಷಣ ನನ್ನ ಮನಸ್ಸು ಬೇಡುತ್ತಿತ್ತು. ಆಗ ಕೇಳಿತು.

“ಒಂದು.”

ನಮ್ಮ ಮಾತಿನ ‘ಒಂದ್’ ಅಲ್ಲ. ಪುಸ್ತಕದಲ್ಲಿ ಇರುವ ಹಾಗೆ, ಆ ಅಧಿಕಾರಿ ಹೇಳುವ ಹಾಗೆ, ಕೊನೆಯ ತನಕ ಬಿಡಿಸಿ ಹೇಳಿದ ‘ಒಂದು’. ಎರಡು, ಮೂರು, ನಾಲ್ಕು. ಹತ್ತು ಎಂದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. “ಬಹಳ ಒಳ್ಳೇದು ಅಮ್ಮ” ಎಂದು ಆ ಮನುಷ್ಯ ಹೇಳಿದ್ದೂ ಕೇಳಿಸಿತು. ಅಕ್ಕ ಹೊರಗೆ ಬಂದು, ಟೊಪ್ಪಿ ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡು, “ಆಯ್ತ್” ಎಂದಳು. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಕರೆದು, “ಅಕ್ಕಿ ನೀನೇ ಹಾಕ್” ಎಂದು ಪಾವು ಕೊಟ್ಟಳು.

ಅಂದಿನಿಂದ ಅಕ್ಕಿ ಅಳೆಯುವುದು ನಾನು. ಬದುಕಿನಲ್ಲಿ ಒಮ್ಮೆಯೂ ಹಾಗೆ ಎಣಿಸದ ನಾನು “ಲಾಭ” ಎನ್ನುತ್ತಿದ್ದೆ, ಅಕ್ಕ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು. ಅವಳು ಬುದ್ಧಿವಂತೆ. ಆ ಮಾತು ತನ್ನ ಬಾಯಲ್ಲಿದ್ದರೆ ಕೆಟ್ಟೀತು ಎಂದು ನನ್ನ ಬಾಯಲ್ಲಿ ಜೋಪಾನಕ್ಕೆ ಇಟ್ಟಿದ್ದಾಳೆ, ಬೇಕಾದಾಗ ವಾಪಸು ಕೇಳುತ್ತಾಳೆ ಎಂದು ನಾನು ತಿಳಿದೆ. ಕಾರ್ಖಾನೆಯಲ್ಲಿ ಅವಳು ದಿನವಿಡೀ ಒಂದು, ಎರಡು ಎಂದು ಕೂಗುತ್ತಿದ್ದಳು. ಸಂಜೆ ಗಂಟಲು ಕಟ್ಟಿರುತ್ತಿತ್ತು. ಒಡಿಶಾದ ಹುಡುಗಿಯರ ಜೊತೆ ಸ್ನೇಹವಾಯಿತು, ಅವರಿಗೆ ಬಂಗುಡೆ ಸಾರು ಮಾಡಿಕೊಟ್ಟಳು. ದಿನ ಹೋಗುತ್ತಿತ್ತು. ಅವಳು ಬೇಡಿದ್ದೂ ಅಷ್ಟೇ ಅಲ್ಲವೇ?

ಮಳೆಗಾಲ ಶುರುವಾಗುವ ಮೊದಲು ಇನ್ನೊಂದು ಯಂತ್ರ ಬಂತು. ಪೊಟ್ಟಣ ಮಾಡಿ, ಎಣಿಸಿ, ಪೆಟ್ಟಿಗೆಗೆ ತುಂಬಿ, ಮುಚ್ಚಿ ಹೊರಗೆ ತಳ್ಳುವಂಥದ್ದು. ಅದು ಬಾಯಿಬಿಟ್ಟು ಎಣಿಸುವುದಿಲ್ಲ. ಅಕ್ಕನಿಗೂ ಅವಳ ಜೊತೆಯವರಿಗೂ ಸಾಕು ಎಂದರು. ಕೊನೆಯ ದಿನ ಒಂದೊಂದು ಪೊಟ್ಟಣ ಗೇರುಬೀಜ ಕೊಟ್ಟು ಕಳಿಸಿದರು. ಅಕ್ಕ ಅದನ್ನು ತಂದು ದೇವರ ಮುಂದಿಟ್ಟಳು. ಒಡೆಯಲೇ ಇಲ್ಲ.

ಕೇಂದ್ರದಲ್ಲಿ ನಾನು ಹಾರಾಡಿದೆ. ಕೆಲವೇ ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಜನರನ್ನು ಯಾಕೆ ಬಗ್ಗಿಸಬೇಕಿತ್ತು ಎಂದು ಕೇಳಿದೆ. ನಮ್ಮ ಮೇಲಿನವರು ಒಳ್ಳೆಯವರೇ, ನೀರು ಕುಡಿಯಿರಿ ಎಂದು ಲೋಟ ಮುಂದಿಟ್ಟರು. ಮರುಕೌಶಲ ಎಂಬುದು ನಿರಂತರ ಪ್ರಕ್ರಿಯೆ, ಅವರನ್ನು ಇನ್ನೊಂದು ತರಬೇತಿಗೆ ಸೇರಿಸೋಣ ಎಂದರು. ನೀರು ಕುಡಿದು ಎದ್ದು ಬಂದೆ. ಆ ಬ್ಯಾಚಿನವರ ಮನೆಭೇಟಿಗೆ ಜನವಿರಲಿಲ್ಲ, ನಾನು ಬೇಡವೆಂದರೂ ಆ ಪಟ್ಟಿ ನನ್ನ ಪಾಲಿಗೇ ಬಂತು. ಎಲ್ಲರ ಮನೆಗೂ ಹೋಗಿ ಮುಗಿಸಿದೆ. ಕೊನೆಗೆ ಉಳಿದದ್ದು ನನ್ನದೇ ಮನೆ.

ಅವತ್ತು ಭಾನುವಾರ. ಹೊರಗೆ ಮಳೆ ಬರುತ್ತಿತ್ತು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಪೆನ್ನು ಹಿಡಿದು ಕೂತೆ. ಅಕ್ಕ ಕೆಲಸಕ್ಕೆ ಹೋಗುವುದು ನಿಂತ ಮೇಲೆ ಅಡುಗೆಮನೆ ಮೆಲ್ಲನೆ ಅವಳ ಕೈಗೆ ಮರಳುತ್ತಿತ್ತು, ಅಕ್ಕಿ ಅಳೆಯುವುದು ಮಾತ್ರ ಇನ್ನೂ ನನ್ನದೇ ಆಗಿತ್ತು. ಆಫೀಸಿನ ದನಿ ಮಾಡಿಕೊಂಡು ಕೇಳಿದೆ: “ಅಮ್ಮ, ಈಗ ಕೆಲಸದಲ್ಲಿದ್ದೀರಾ?”

“ಕಾಂತಿಲ್ಯಾ?” ಎಂದು, ಕಾಣುವುದಿಲ್ಲವೇ ಎಂಬ ಹಾಗೆ ಸೌಟು ತೋರಿಸಿದಳು.

“ತರಬೇತಿಯಲ್ಲಿ ಕಲಿತದ್ದು ಈಗಲೂ ಬಳಕೆಯಲ್ಲಿದೆಯಾ?”

“ಎಂತ ಬಳ್ಕಿ? ಎಲ್ಲಾ ಮರ್ತೇ ಹೋಯ್ತ್ ಹೆಣೆ” ಎಂದು ನಕ್ಕಳು. ನನ್ನ ಕೈಯಲ್ಲಿ ಪೆನ್ನು ಇದ್ದದ್ದನ್ನು ಕಂಡು, “ನೀ ಬರಿ, ಅಕ್ಕಿ ನಾನೇ ಹಾಕ್ತೆ” ಎಂದು ಡಬ್ಬದ ಮುಚ್ಚಳ ತೆಗೆದಳು. ನಾನು ಬರೆಯುವುದನ್ನು ನಿಲ್ಲಿಸಿದೆ. ಇಷ್ಟು ದಿನ ಜೋಪಾನ ಮಾಡಿದ್ದನ್ನು ವಾಪಸು ಕೊಡುವ ಹೊತ್ತು ಬಂತು ಎಂದುಕೊಂಡೆ. ಅಕ್ಕ ಪಾವನ್ನು ಅಕ್ಕಿಯಲ್ಲಿ ಮುಳುಗಿಸಿದಳು, ಅಂಗೈಯಿಂದ ಮೇಲೆ ಸವರಿದಳು, ಪಾತ್ರೆಗೆ ಹಾಕಿದಳು.

“ಒಂದು” ಎಂದಳು.

ಪ್ಯಾಕಿಂಗ್ ಕೋಣೆಯ ದನಿ. ಸ್ಪಷ್ಟವಾಗಿ, ಕೊನೆಯ ತನಕ ಬಿಡಿಸಿ. ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಪಕ್ಕದಲ್ಲಿ ಯಾರೋ ಮರಳಿ ಹೇಳಲಿ ಎಂದು ಕಾಯಲಿಲ್ಲ. ಡಬ್ಬ ಮುಚ್ಚಿ, ಅಕ್ಕಿಗೆ ನೀರು ಹಾಕಿ ತೊಳೆಯತೊಡಗಿದಳು. ಶಾಲೆಯಲ್ಲಿ ಲಾಭ ಇಲ್ಲವಂತೆ ಎಂದು ಗೇಟಿನ ಹತ್ತಿರ ಅತ್ತ ಮಗುವನ್ನು ಆ ಅಡುಗೆಮನೆಯಿಂದ ನಾವು ಎರಡನೇ ಸಲ ಕಳಿಸಿಕೊಟ್ಟಿದ್ದೆವು. ಈ ಸಲ ಅವಳ ಅಮ್ಮನಿಗೆ ಗೊತ್ತೂ ಆಗಲಿಲ್ಲ. ನಾನು ತಲೆ ತಗ್ಗಿಸಿ, ಪ್ರಶ್ನೆಯ ಮುಂದೆ ಗುರುತು ಹಾಕಿದೆ. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗಿದ್ದವು.

ಅಕ್ಕ ಕೈ ಒರೆಸಿಕೊಂಡು ತಿರುಗಿದಳು.

“ಎಂತಕ್ ಮರ್ಕುದ್ ಈಗ? ಎಂತ ಬರ್ದೆ ಅದ್ರಂಗೆ?”

“ಹೌದ್ ಅಂದ್ ಬರ್ದೆ. ಕಲ್ತದ್ದ್ ಬಳ್ಕಿಯಂಗೆ ಇತ್ತ್ ಅಂದ್.”

“ಸುಳ್ಳ್ ಬರೀಬ್ಯಾಡ ಮರಾಯ್ತಿ” ಎಂದಳು ಅಕ್ಕ, ಒಲೆ ಹಚ್ಚುತ್ತಾ.